ಮನೆ ಡಲ್ಲಾಸ್‌ನಲ್ಲಿ, ಕೆಲಸ ಮ್ಯಾನ್‌ಹ್ಯಾಟನ್‌ನಲ್ಲಿ: ಸ್ಟೇಟ್ ಟ್ಯಾಕ್ಸ್ ಅನುಭವ ಹೇಳಿ

ಡಲ್ಲಾಸ್ ಕನ್ನಡಿಗ: ಮನೆ, ಹೆಂಡತಿ, ಮಗಳ ಸ್ಕೂಲು ಎಲ್ಲ ಟೆಕ್ಸಾಸ್‌ನಲ್ಲಿ. ಜನವರಿಯಿಂದ ಮ್ಯಾನ್‌ಹ್ಯಾಟನ್‌ನಲ್ಲಿ ಪ್ರಾಜೆಕ್ಟ್. ಸೋಮವಾರ ಹೋಗಿ ಗುರುವಾರ ರಾತ್ರಿ ವಾಪಸ್. ಹೋಟೆಲ್ ಬೇಸರ, ವರ್ಷಕ್ಕೆ ಸಣ್ಣ ಅಪಾರ್ಟ್‌ಮೆಂಟ್ ಹಿಡಿಯೋಣ ಅಂತಿದ್ದೇನೆ. ಅನುಭವ ಇದ್ದವರು ಹೇಳಿ.

ಜರ್ಸಿ ರಾಯರು: ನನ್ನ ಕಥೆ ಕೇಳಿ. ಕುಟುಂಬ ನ್ಯೂಜರ್ಸಿಯ ಎಡಿಸನ್‌ನಲ್ಲಿ, ನಾನು ರೈಲಿನ ಓಡಾಟ ತಪ್ಪಲಿ ಅಂತ ಮ್ಯಾನ್‌ಹ್ಯಾಟನ್‌ನಲ್ಲಿ ಸ್ಟುಡಿಯೋ ಹಿಡಿದೆ. ಕನ್ನಡ ಸಂಘದ ಊಟದಲ್ಲಿ ಯಾರೋ "ನ್ಯೂಯಾರ್ಕ್‌ನಲ್ಲಿ 183 ದಿನ ದಾಟದಿದ್ದರೆ ಸಾಕು, ಅಲ್ಲಿಯ ನಿವಾಸಿ ಅಂತ ಹಿಡಿಯುವುದಿಲ್ಲ" ಅಂದರು. ನಾನು ರಾತ್ರಿ ಲೆಕ್ಕ ಹಾಕಿದೆ, 160 ಬಂತು. ಅಲ್ಲಿ ಎಣಿಸುವುದು ರಾತ್ರಿ ಅಲ್ಲ. ಒಂದು ಗಂಟೆ ಇದ್ದರೂ ಒಂದು ದಿನ! ಟೋಲ್, ಫೋನ್ ಬಿಲ್, ಕಾರ್ಡ್ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತಾಗ 211 ದಿನ ಆಯಿತು. ಸಂಬಳಕ್ಕೆ ಜರ್ಸಿಯಲ್ಲಿ ಕ್ರೆಡಿಟ್ ಸಿಕ್ಕಿತು, ಅಂದರೆ ನ್ಯೂಯಾರ್ಕ್‌ಗೆ ಕಟ್ಟಿದ್ದನ್ನು ಜರ್ಸಿ ಟ್ಯಾಕ್ಸ್‌ನಲ್ಲಿ ಕಳೆದರು. ಆದರೆ ಮೈಸೂರಿನ ಸೈಟಿಗೆ ಅಂತ ಷೇರು ಮಾರಿದ್ದೆನಲ್ಲ, ಆ ಲಾಭಕ್ಕೆ ಎರಡೂ ರಾಜ್ಯಕ್ಕೆ ಕಟ್ಟಿದೆ. ಮೇಲೆ ನ್ಯೂಯಾರ್ಕ್ ನಗರದ ಟ್ಯಾಕ್ಸ್ ಬೇರೆ, ಅದೊಂದೇ 6,200 ಡಾಲರ್. ಲೆಕ್ಕ ನೋಡಿದ ಸಿಪಿಎ (ಅಕೌಂಟೆಂಟ್) 2,800 ತಗೊಂಡರು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆಸ್ಟಿನ್ ಅಣ್ಣ: ಅರ್ಧಂಬರ್ಧ ಮಾಡಿದರೆ ಹೀಗೇ ಆಗುವುದು. ನಾನು 2021ರಲ್ಲಿ ಕ್ಯಾಲಿಫೋರ್ನಿಯಾ ಪೂರ್ತಿ ಬಿಟ್ಟು ಟೆಕ್ಸಾಸ್‌ಗೆ ಬಂದೆ. ಮನೆ ಮಾರಿದೆ, ಲೈಸೆನ್ಸ್, ಕಾರು, ಡಾಕ್ಟರ್, ಬ್ಯಾಂಕಿನ ವಿಳಾಸ ಎಲ್ಲ ಬದಲಾಯಿಸಿದೆ. ಆದರೂ ಆರ್‌ಎಸ್‌ಯು, ಅಂದರೆ ಕಂಪನಿ ಸಂಬಳದ ಜೊತೆ ಕೊಡುವ ಷೇರಿನ ಮೇಲೆ ಕ್ಯಾಲಿಫೋರ್ನಿಯಾ ಬಿಡಲಿಲ್ಲ. ಷೇರು ಕೊಡುತ್ತೇವೆ ಅಂದ ದಿನದಿಂದ ಅದು ಕೈಸೇರುವ (ವೆಸ್ಟ್ ಆಗುವ) ದಿನದವರೆಗೆ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ದಿನ ದುಡಿದಿರೋ ಅಷ್ಟು ಪಾಲು ಅವರದು. ಆ ವರ್ಷ 7,900 ಡಾಲರ್ ಹೋಯಿತು. ಆಮೇಲೆ ಒಂದು ಡಾಲರೂ ಇಲ್ಲ. ನನ್ನ ನಿರ್ಧಾರ ಸರಿ.

ಶಿಕಾಗೋ ಭಟ್ಟರು: ಟ್ಯಾಕ್ಸ್‌ಗಾಗಿ ಮಕ್ಕಳನ್ನು ಸ್ಕೂಲಿಂದ ಕಿತ್ತುಕೊಂಡು ಹೋಗುವುದು ಯಾವ ನ್ಯಾಯ? ನಾನು ಶಿಕಾಗೋದಿಂದಲೇ ವಿಸ್ಕಾನ್ಸಿನ್‌ನ ಮಿಲ್ವಾಕಿಗೆ ಕೆಲಸಕ್ಕೆ 3 ವರ್ಷ ಓಡಾಡಿದೆ. ಇಲಿನಾಯ್, ವಿಸ್ಕಾನ್ಸಿನ್ ನಡುವೆ ಒಪ್ಪಂದ ಇದೆ, ಸಂಬಳಕ್ಕೆ ಮನೆ ಇರುವ ರಾಜ್ಯಕ್ಕಷ್ಟೇ ಕಟ್ಟಿದರೆ ಸಾಕು. ಅದಕ್ಕೆ ಕಂಪನಿಗೆ ಡಬ್ಲ್ಯು-220 ಫಾರ್ಮ್ ಕೊಡಬೇಕು ಅಂತ ನನ್ನ ಕಂಪನಿಯ ಪೇರೋಲ್‌ನವರು ಹೇಳಲೇ ಇಲ್ಲ. ವರ್ಷಪೂರ್ತಿ ಸಂಬಳದಿಂದ ವಿಸ್ಕಾನ್ಸಿನ್‌ಗೆ ಟ್ಯಾಕ್ಸ್ ಹಿಡಿದರು. 5,300 ಡಾಲರ್ ಅಲ್ಲಿ ಸಿಕ್ಕಿಬಿತ್ತು. ಇಲ್ಲಿ ಇಲಿನಾಯ್‌ಗೆ ಕಟ್ಟಲು ಮಗನ ಕಾಲೇಜಿನ ದುಡ್ಡಿಗೆ ಕೈಹಾಕಿದೆ. ಆಸ್ಟಿನ್‌ನವರೇ, ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಎಷ್ಟು ಅಂತಲೂ ಹೇಳಿ.

ಆಸ್ಟಿನ್ ಅಣ್ಣ: 9,600. ಇಲಿನಾಯ್‌ನಲ್ಲಿ ಕೂತು ಪ್ರಾಪರ್ಟಿ ಟ್ಯಾಕ್ಸ್ ಮಾತಾಡುತ್ತೀರಾ? ನಿಮ್ಮಲ್ಲಿ ಅದೂ ಜಾಸ್ತಿ, ಮೇಲೆ ಆದಾಯಕ್ಕೆ 4.95%. ನನ್ನ ಮಕ್ಕಳ ವಿಷಯ ತೆಗೆಯಬೇಡಿ.

ಶಿಕಾಗೋ ಭಟ್ಟರು: ಮಕ್ಕಳ ಮಾತು ಆಡಬಾರದಿತ್ತು, ತಪ್ಪಾಯಿತು. ಆದರೆ ನಿಮ್ಮ ದಾರಿಯೊಂದೇ ಸರಿ ಅಂತ ಹೇಳಬೇಡಿ. ವಯಸ್ಸಾದ ಅತ್ತೆ ಮಾವ, ಅವರ ಡಾಕ್ಟರ್ ಇಲ್ಲೇ ಇರುವಾಗ ನಾನು ಎಲ್ಲಿಗೆ ಹೋಗಲಿ?

ಡಲ್ಲಾಸ್ ಕನ್ನಡಿಗ: ವಾರಕ್ಕೆ 4 ದಿನ, 48 ವಾರ. 192 ಆಗುತ್ತದೆ. ಗುರುವಾರ ಸಂಜೆ 5ಕ್ಕೆ ವಿಮಾನ ಹತ್ತಿದರೂ ಗುರುವಾರ ಲೆಕ್ಕಕ್ಕೆ ಬರುತ್ತದಾ?

ಜರ್ಸಿ ರಾಯರು: ಬೆಳಿಗ್ಗೆ 6ಕ್ಕೆ ಹತ್ತಿದರೂ ಬರುತ್ತದೆ. ಅಲ್ಲಿ ದುಡಿದ ದಿನಗಳ ಸಂಬಳಕ್ಕೆ ಮೊದಲ ದಿನದಿಂದಲೇ ಟ್ಯಾಕ್ಸ್ ಇದ್ದೇ ಇದೆ, ಅದು ತಪ್ಪುವುದಿಲ್ಲ. ಟೆಕ್ಸಾಸ್‌ನಲ್ಲಿ ಆದಾಯಕ್ಕೆ ಟ್ಯಾಕ್ಸೇ ಇಲ್ಲ, ಕ್ರೆಡಿಟ್ ಎಲ್ಲಿಂದ ಬರಬೇಕು? ಆದರೆ ವರ್ಷಪೂರ್ತಿ ಅಪಾರ್ಟ್‌ಮೆಂಟೂ ಇದ್ದು, 184 ದಿನವೂ ಆದರೆ, ಡಲ್ಲಾಸ್‌ನ ಬ್ಯಾಂಕ್ ಬಡ್ಡಿಗೂ ನ್ಯೂಯಾರ್ಕ್ ಕೈಚಾಚುತ್ತದೆ. ಬಾಡಿಗೆ ಕರಾರಿಗೆ ಇನ್ನೂ ಸಹಿ ಹಾಕಿಲ್ಲ ತಾನೇ?

ಡಲ್ಲಾಸ್ ಕನ್ನಡಿಗ: ನಾಳೆ ಹಾಕಬೇಕಿತ್ತು. ಬೇಡ ಅಂತ ಈಗಲೇ ಮೇಲ್ ಕಳಿಸುತ್ತೇನೆ.