ಬಳೆ ಬರೆಯಿರಿ ಎಂದರೆ ಬಾಳೆ ಬರೆಯುತ್ತಾರೆ, ಏನು ಮಾಡಲಿ?

ಪ್ರಶ್ನೆ (ನಲಿಕಲಿ ಶಿಕ್ಷಕಿ, ಶಿರಸಿ ಕಡೆಯವಳು):
ಒಂದರಿಂದ ಮೂರನೇ ತರಗತಿಯವರೆಗಿನ 19 ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ. ಕರು, ಕಾರು ಎರಡೂ ಅವರಿಗೆ ಒಂದೇ. ನೂರರವರೆಗೆ ಗಡಗಡ ಒಪ್ಪಿಸುತ್ತಾರೆ. ಏಳು ಹುಣಸೆ ಬೀಜ ಕೊಡು ಎಂದರೆ ಬೊಗಸೆ ತುಂಬ ಸುರಿಯುತ್ತಾರೆ. ಹೊರಗೆ ಬಿಡದ ಮಳೆ, ಆಟವೆಲ್ಲ ಒಳಗೇ ಆಗಬೇಕು.

ಉತ್ತರ (ನಿವೃತ್ತ ಮೇಷ್ಟ್ರು):
ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ವ್ಯಾಕರಣದಲ್ಲಿ ಓದಿದ್ದೇವಲ್ಲ, ಅದನ್ನೇ ಕಾಲಿಗೆ ಇಳಿಸಿ. ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆಯಿರಿ. ‘ಬ’ ಎಂದರೆ ಒಂದು ಮನೆ, ‘ಬಾ’ ಎಂದರೆ ಎರಡು ಮನೆ ದಾಟುವವರೆಗೆ ಸ್ವರ ನಿಲ್ಲಿಸಬಾರದು. ‘ಬಳೆ’ ಎರಡನೇ ಮನೆಯಲ್ಲಿ ಮುಗಿಯುತ್ತದೆ, ‘ಬಾಳೆ’ ಮೂರನೆಯದರಲ್ಲಿ. ಒತ್ತಕ್ಷರಕ್ಕೆ ಒಬ್ಬ ನಿಲ್ಲಲಿ, ಇನ್ನೊಬ್ಬ ಅವನ ಕಾಲ ಬಳಿ ಕುಳಿತುಕೊಳ್ಳಲಿ. ‘ಅಕ್ಕ’ ಬರೆಯುವಾಗ ಕುಳಿತವನನ್ನು ಯಾರೂ ಮರೆಯುವುದಿಲ್ಲ. ಕುಳಿತುಕೊಳ್ಳಲು ಜಗಳವಾಗುತ್ತದೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಉತ್ತರ (ಮೈಸೂರಿನ ತಾಯಿ):
ಎಣಿಕೆಗೆ ಚೌಕಾಬಾರ ಆಡಿಸಿ ಮೇಡಂ. ನಾಲ್ಕು ಕವಡೆಯಲ್ಲಿ ಮೂರು ಅಂಗಾತ ಬಿದ್ದರೆ ಬೋರಲು ಎಷ್ಟು ಎಂದು ಕೇಳಿ. ನೆಲದ ಮನೆಗಳಲ್ಲಿ ಮಕ್ಕಳೇ ಕಾಯಿಗಳಾಗಲಿ. ನನ್ನ ಮಗ ನಿಂತ ಮನೆಯನ್ನೇ ‘ಒಂದು’ ಎಂದು ಎಣಿಸುತ್ತಿದ್ದ. ಹೆಜ್ಜೆ ಎತ್ತಿದ ಮೇಲೆಯೇ ಬಾಯಿ ಬಿಡಬೇಕು ಎಂದು ನಿಯಮ ಮಾಡಿದೆ.

ಶಿಕ್ಷಕಿ:
ಸರ್, ಇಂದು ಮನೆ ಬರೆದೆ. ಒಬ್ಬಳು ‘ಕಾರು’ ಎನ್ನುತ್ತ ಗೋಡೆಯವರೆಗೂ ಓಡಿದಳು. ಕವಡೆ ಸಿಗಲಿಲ್ಲ, ಒಂದು ಬದಿ ತೇಯ್ದ ಹುಣಸೆ ಬೀಜವೇ ಸಾಕಾಯಿತು.