ಹಂಚಿನ ಮನೆಯ ಪಡಸಾಲೆಗೆ ಎಂಥ ಹೋಮ್ ಥಿಯೇಟರ್ ರಿಸೀವರ್ ಕೊಳ್ಳಬೇಕು?

ಪ್ರಶ್ನೆ (ಮಾಳಮಡ್ಡಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಾಳಮಡ್ಡಿಯ ಹಳೆಯ ಹಂಚಿನ ಮನೆ. ಪಡಸಾಲೆ 16 ಅಡಿ ಉದ್ದ, 12 ಅಡಿ ಅಗಲವಿದ್ದು, ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದಿ ಫರಸಿ ಹಾಕಿದೆ. ಆರು ವರ್ಷ ಬಳಸಿದ ರಿಸೀವರ್ (ಟಿವಿಯ ಧ್ವನಿಯನ್ನು ಹೆಚ್ಚಿಸಿ ಸ್ಪೀಕರ್‌ಗಳಿಗೆ ಹಂಚುವ ಯಂತ್ರ) ಕಳೆದ ಬೇಸಿಗೆಯಲ್ಲಿ ನಿಂತುಹೋಯಿತು. ಹೊಸದಕ್ಕೆ 35,000 ರೂಪಾಯಿ, ಸ್ಪೀಕರ್‌ಗಳಿಗೆ ಪ್ರತ್ಯೇಕವಾಗಿ 40,000 ರೂಪಾಯಿ ತೆಗೆದಿರಿಸಿದ್ದೇನೆ. ವಾರಕ್ಕೆ ಒಂದೆರಡು ಚಲನಚಿತ್ರ ನೋಡುತ್ತೇವೆ. ಉಳಿದಂತೆ ಬೆಳಗಿನ ಹೊತ್ತು ನಾನು ಹಿಂದೂಸ್ತಾನಿ ಗಾಯನ ಕೇಳುತ್ತೇನೆ. ಅಂಗಡಿಯವರು ಅಟ್ಮಾಸ್ (ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ತಂತ್ರ) ಇರುವ, ಏಳು ಸ್ಪೀಕರ್ ನಡೆಸುವ ಏಳು ಚಾನೆಲ್‌ನದೇ ಬೇಕೆಂದು ಒತ್ತಾಯಿಸುತ್ತಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು ತಾವು ಬಳಸಿದ ದೊಡ್ಡ ರಿಸೀವರನ್ನೇ ತಂದುಕೊಡುತ್ತೇವೆ ಎನ್ನುತ್ತಾರೆ. ನನಗೆ ಬೇಕಾದದ್ದು ಹತ್ತು ವರ್ಷ ತೊಂದರೆ ಕೊಡದೆ ನಡೆಯುವ ಯಂತ್ರ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ)

ಸರ್, ನಿಮ್ಮ ಮನೆಯ ಮಾಡೇ ಅರ್ಧ ಉತ್ತರ ಕೊಟ್ಟಿದೆ. ಅಟ್ಮಾಸ್‌ಗೆ ಮೇಲಿನಿಂದ ಧ್ವನಿ ಬರಬೇಕು. ಅದಕ್ಕೆ ಛಾವಣಿಯಲ್ಲಿ ಸ್ಪೀಕರ್ ಕೂಡಿಸಬೇಕು, ಇಲ್ಲವೇ ಮೇಲ್ಮುಖವಾದ ಸ್ಪೀಕರ್‌ನ ಧ್ವನಿ ಸಮತಟ್ಟಾದ ಛಾವಣಿಗೆ ಬಡಿದು ಕೆಳಗಿಳಿಯಬೇಕು. ಇಳಿಜಾರಾದ ಹಂಚಿನ ಮಾಡಿಗೆ ಬಡಿದ ಧ್ವನಿ ನೀವು ಕುಳಿತಲ್ಲಿಗೆ ಬರದೆ ಬೇರೆಡೆಗೆ ಚದುರುತ್ತದೆ. ಆದ್ದರಿಂದ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ನಡೆಸುವ 5.1 ರಿಸೀವರ್ ನಿಮಗೆ ಸಾಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ನೋಡಿ ತೀರ್ಮಾನಿಸಬೇಡಿ. ಅದು ಅನೇಕ ಬಾರಿ ಒಂದೇ ಚಾನೆಲ್ ನಡೆಸಿ, ಒಂದೇ ಕಂಪನಾಂಕದಲ್ಲಿ, ಧ್ವನಿಯ ಹೆಚ್ಚು ವಿಕೃತಿಯನ್ನು ಒಪ್ಪಿಕೊಂಡು ಅಳೆದ ಸಂಖ್ಯೆಯಾಗಿರುತ್ತದೆ. ಎರಡು ಚಾನೆಲ್ ಒಟ್ಟಿಗೆ ನಡೆಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಅಳೆದ ಸಂಖ್ಯೆಯನ್ನು ಕೈಪಿಡಿಯಲ್ಲಿ ಹುಡುಕಿರಿ. ಉದಾಹರಣೆಗೆ, ಯಮಹಾದ ಆರ್‌ಎಕ್ಸ್-ವಿ385 ಎಂಬ 5.1 ರಿಸೀವರ್‌ಗೆ 6 ಓಮ್ (ವಿದ್ಯುತ್ ತಡೆಯ ಅಳತೆ) ಸ್ಪೀಕರ್‌ನಲ್ಲಿ ಆ ಲೆಕ್ಕದಂತೆ 70 ವ್ಯಾಟ್ ಇದೆ, ಮತ್ತು ಕೋಣೆಗೆ ತಕ್ಕಂತೆ ಧ್ವನಿ ಹೊಂದಿಸಿಕೊಳ್ಳಲು ಮೈಕ್ ಕೂಡ ಕೊಡುತ್ತಾರೆ. 70 ವ್ಯಾಟ್‌ಗೂ 100 ವ್ಯಾಟ್‌ಗೂ ಇರುವ ಅಂತರ ಕಿವಿಗೆ ಕೇವಲ ಒಂದೂವರೆ ಡೆಸಿಬೆಲ್. ಹೀಗಾಗಿ ಉಳಿದ ಹಣವನ್ನು 8 ಓಮ್‌ನ, ಹೆಚ್ಚು ಸಂವೇದಿಯಾದ (ಕಡಿಮೆ ವ್ಯಾಟ್‌ನಲ್ಲೇ ಜೋರಾಗಿ ನುಡಿಯುವ) ಸ್ಪೀಕರ್‌ಗಳಿಗೆ ಹಾಕುವುದೇ ಲೇಸು.

ಕಲ್ಲು, ಫರಸಿ ಎರಡೂ ಧ್ವನಿಯನ್ನು ಮರಳಿ ಎಸೆಯುತ್ತವೆ. ಮೈಕ್ ಇಟ್ಟು ಹೊಂದಿಸುವ ಮೊದಲು ನಮ್ಮ ನವಲಗುಂದದ ದಪ್ಪನೆಯ ಜಮಖಾನವೊಂದನ್ನು ಸ್ಪೀಕರ್‌ಗೂ ಆಸನಕ್ಕೂ ನಡುವೆ ಹಾಸಿರಿ, ಕಿಟಕಿಗೆ ಪರದೆ ಕಟ್ಟಿರಿ. ಮಾತು ಎಷ್ಟು ಸ್ಪಷ್ಟವಾಗುತ್ತದೆಂಬುದು ಆಗ ನಿಮಗೇ ತಿಳಿಯುತ್ತದೆ.

ಉತ್ತರ 2 (ಎಲೆಕ್ಟ್ರಾನಿಕ್ಸ್ ದುರಸ್ತಿಗಾರ, ಗದಗ)

ಅಳಿಯಂದಿರ ಪ್ರೀತಿಗೆ ನಮಸ್ಕಾರ ಹೇಳಿ, ಆ ಯಂತ್ರವನ್ನು ಮಾತ್ರ ಬೇಡವೆನ್ನಿರಿ. ಅಮೆರಿಕದ ರಿಸೀವರ್‌ಗಳು ಸಾಮಾನ್ಯವಾಗಿ 120 ವೋಲ್ಟ್‌ಗೆ ಮಾಡಿದವು; ನಮ್ಮ 230 ವೋಲ್ಟ್‌ಗೆ ಯಾರಾದರೂ ಮರೆತು ನೇರವಾಗಿ ಸಿಕ್ಕಿಸಿದರೆ ವಿದ್ಯುತ್ ಭಾಗವೇ ಸುಟ್ಟುಹೋಗಬಹುದು. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಇಲ್ಲಿ ವಾರಂಟಿಯ ಸೇವೆ ಸಿಗುವುದು ಕಷ್ಟ. ಭಾರತಕ್ಕೆಂದೇ ಬಂದ ಯಂತ್ರವನ್ನು ಬಿಲ್ ಸಹಿತ ಕೊಳ್ಳಿರಿ. ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿಯೇ ಇದೆಯೋ, ಬೆಂಗಳೂರಿಗೆ ಕಳಿಸಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ.

ನನ್ನ ಮೇಜಿಗೆ ಬರುವ ರಿಸೀವರ್‌ಗಳು ಕೆಟ್ಟಿರುವುದು ಬಹುಮಟ್ಟಿಗೆ ಎರಡು ಕಾರಣಗಳಿಂದ. ಮೊದಲನೆಯದು ಬಿಸಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳ) ಆಯುಷ್ಯ ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಾಗಿಲು ಹಾಕಿದ ಕಪಾಟಿನಲ್ಲಿಟ್ಟು, ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಕೂಡಿಸಿದ ಯಂತ್ರಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮೇಲ್ಗಡೆ ಒಂದು ಅಡಿ ಖಾಲಿ ಬಿಡಿ, ಧೂಳು ಒರೆಸುತ್ತಿರಿ.

ಎರಡನೆಯದು ಏಪ್ರಿಲ್–ಮೇ ತಿಂಗಳ ಗುಡುಗು ಮಳೆ. ಸಿಡಿಲಿನ ಹೊಡೆತ ಕರೆಂಟಿನ ತಂತಿಯಿಂದಷ್ಟೇ ಬರುವುದಿಲ್ಲ. ಮಾಳಿಗೆಯ ಮೇಲಿನ ಡಿಶ್‌ನ ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ) ಕೇಬಲ್ ಮೂಲಕ ರಿಸೀವರ್‌ಗೆ ಇಳಿಯುತ್ತದೆ. ಸ್ಟೆಬಿಲೈಸರ್ ಇದನ್ನು ತಡೆಯದು. ಅರ್ಥಿಂಗ್ ಪರೀಕ್ಷಿಸಿ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟ್ ತಡೆಯುವ ಸಾಧನ) ಹಾಕಿಸಿರಿ, ಮೋಡ ಕವಿದಾಗಲೇ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕಿತ್ತಿಡಿರಿ.

ಉತ್ತರ 3 (ಹಾವೇರಿ)

ಮೇಲಿನವರ ಮಾತಿಗೆ ನನ್ನದೊಂದು ತಿದ್ದುಪಡಿ. ದಿನನಿತ್ಯ ಕೇಳುವುದು ಗಾಯನವಾದರೆ 40,000 ರೂಪಾಯಿಯನ್ನು ಐದು ಸ್ಪೀಕರ್‌ಗಳಿಗೆ ಸಮನಾಗಿ ಹಂಚಬೇಡಿ. ಮುಂದಿನ ಎರಡಕ್ಕೇ ಹೆಚ್ಚಿನ ಪಾಲು ಕೊಡಿ. ಹಿಂದಿನವನ್ನು ಮುಂದಿನ ವರ್ಷ ಕೂಡಿಸಬಹುದು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆಗಳನ್ನು ಸರೌಂಡ್‌ನಲ್ಲಿ (ಸುತ್ತಲಿನ ಎಲ್ಲ ಸ್ಪೀಕರ್‌ಗಳಲ್ಲಿ) ಹಾಕಿದರೆ ತಂಬೂರಿ ಒಂದು ಕಡೆ, ಕಂಠ ಇನ್ನೊಂದು ಕಡೆ ತೇಲಿದಂತಾಗುತ್ತದೆ. ಗಾಯನಕ್ಕೆ ಯಾವಾಗಲೂ ಸ್ಟೀರಿಯೋ (ಮುಂದಿನ ಎರಡೇ ಸ್ಪೀಕರ್) ಅಥವಾ ಡೈರೆಕ್ಟ್ (ಧ್ವನಿಯನ್ನು ಮಾರ್ಪಡಿಸದ) ಆಯ್ಕೆಯಲ್ಲಿಡಿ. ಟಿವಿಯ ಎಆರ್‌ಸಿ ಕಿಂಡಿಗೆ (ಟಿವಿಯ ಧ್ವನಿಯನ್ನು ರಿಸೀವರ್‌ಗೆ ಕಳಿಸುವ ಎಚ್‌ಡಿಎಂಐ ಕಿಂಡಿ) ಜೋಡಿಸಿದರೆ ಆನ್‌ಲೈನ್ ಚಿತ್ರಗಳ ಡಾಲ್ಬಿ ಡಿಜಿಟಲ್ ಧ್ವನಿಗೆ ಸಾಕು. ಬ್ಲೂ-ರೇ ಪ್ಲೇಯರ್ ಇದ್ದರೆ ಅದನ್ನು ನೇರವಾಗಿ ರಿಸೀವರ್‌ಗೇ ಕೊಡಿ.

ಪ್ರಶ್ನೆ ಕೇಳಿದವರು (ಮಾಳಮಡ್ಡಿ, ಧಾರವಾಡ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 5.1 ರಿಸೀವರನ್ನೇ ತರುತ್ತೇನೆ, ಅಳಿಯಂದಿರಿಗೂ ತಿಳಿಸಿದ್ದೇನೆ. ಗದಗಿನ ಸರ್ ಅವರ ಮಾತು ಓದಿದ ಮೇಲೆ ಟೇಪು ಹಿಡಿದು ಗೋಡೆಯ ಗೂಡನ್ನು ಅಳೆದೆ. ಗೂಡಿನ ಎತ್ತರ 23 ಸೆಂಟಿಮೀಟರ್, ರಿಸೀವರ್‌ನದೇ 16. ಮೇಲೆ ಉಳಿಯುವುದು ಏಳು ಮಾತ್ರ. ಹಳೆಯ ಯಂತ್ರ ಆರು ವರ್ಷವೂ ಅದೇ ಗೂಡಿನಲ್ಲಿ, ಬಾಗಿಲು ಮುಚ್ಚಿಕೊಂಡೇ ಇತ್ತು. ಹೊಸದಕ್ಕೆ ತೆರೆದ ಮೇಜೊಂದನ್ನು ಮಾಡಿಸಲು ಇಂದು ಸಂಜೆ ಬಡಿಗೇರರಿಗೆ ಬರಹೇಳಿದ್ದೇನೆ.