ರಿಮ್, ಚಕ್ರ, ಗಾಲಿ: ಕಾರಿನ ವಿಷಯಕ್ಕೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿದೆ: ಎತ್ತಿನ ಗಾಡಿಯ ಚಕ್ರದ ಮರದ ಸುತ್ತಿಗೆ, ಅಂದರೆ ಇವತ್ತಿನ ರಿಮ್ಮಿನ (ಟೈರು ಕೂರುವ ಲೋಹದ ಭಾಗದ) ಜಾಗದಲ್ಲಿದ್ದದ್ದಕ್ಕೆ, ನಿಮ್ಮ ಕಡೆ ಏನನ್ನುತ್ತಾರೆ? ಮೊದಲು ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಹಳೆಯ ಮರ್ಸಿಡಿಸ್ ಇ ಕ್ಲಾಸ್ ಕಾರೊಂದನ್ನು ತೆಗೆದುಕೊಂಡರು. ಅದರಲ್ಲಿ ಇದ್ದದ್ದು 245/45 ಆರ್ 18 ಟೈರು. ನಮ್ಮೂರಿನ ರಸ್ತೆ ಉಬ್ಬುಗಳಿಗೆ ಕಾರಿನ ಹೊಟ್ಟೆ ತಾಗುತ್ತಿತ್ತು. ಅಂಗಡಿಯವನು "19 ಇಂಚು ಹಾಕಿಸಿ ಸಾರ್, ಚಕ್ರ ದೊಡ್ಡದಾಗುತ್ತೆ" ಅಂದ. ಚಕ್ರ ದೊಡ್ಡದಾದರೆ ಕಾರು ಎತ್ತರ ಆಗುತ್ತದೆ ಅಂತ ಇವರು ಅಂದುಕೊಂಡರು. ಗಾಡಿ ಹೊಡೆದು ಬೆಳೆದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? 245/40 ಆರ್ 19 ಹಾಕಿಸಿಕೊಂಡು ಬಂದರು. ಹೊಟ್ಟೆ ಮೊದಲಿನ ಹಾಗೇ ತಾಗಿತು. ಒಂದು ತಿಂಗಳಲ್ಲಿ ಒಂದು ಗುಂಡಿಗೆ ಬಿದ್ದು ಮುಂದಿನ ಟೈರು ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಹಾಗೆ ಊದಿತು ಅಂದರೆ ಒಳಗಿನ ದಾರಗಳು ಹರಿದಿವೆ ಅಂತ. ಪಂಚರ್ ಹಾಕಿದ ಹಾಗೆ ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಟೈರನ್ನೇ ಬದಲಿಸಬೇಕು.

ಲೆಕ್ಕ ನೋಡಿ. 245 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಆ ಅಗಲದ ನೂರಕ್ಕೆ 45 ಭಾಗ ಪಕ್ಕದ ಎತ್ತರ, ಅಂದರೆ ಸುಮಾರು 110 ಮಿಮೀ. 40 ಆದರೆ 98 ಮಿಮೀ. ಕೊನೆಯ 18, 19 ರಿಮ್ಮಿನ ಅಳತೆ, ಇಂಚಿನಲ್ಲಿ. ರಿಮ್ಮಿಗೆ ಮೇಲಿನ, ಕೆಳಗಿನ ಎರಡೂ ಪಕ್ಕ ಕೂಡಿಸಿದರೆ ಮೊದಲಿನದು ನೆಲದಿಂದ ಮೇಲಿನವರೆಗೆ 677.7 ಮಿಮೀ, ಹೊಸದು 678.6 ಮಿಮೀ. ಗಾಲಿಯ ನಡು ಏರುವುದು ಆ ವ್ಯತ್ಯಾಸದ ಅರ್ಧ ಮಾತ್ರ, ಹಾಗಾಗಿ ಕಾರು ಎತ್ತರವಾಗಿದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ! ಸ್ಪೀಡೋಮೀಟರ್ ತಪ್ಪು ತೋರಿಸಬಾರದು, ಟೈರು ಒಳಗೆಲ್ಲೂ ಉಜ್ಜಬಾರದು ಅಂತ ಹೊರಗಿನ ಅಳತೆಯನ್ನು ಬೇಕೆಂದೇ ಹಾಗೇ ಉಳಿಸುತ್ತಾರೆ. ಬೆಳೆದದ್ದು ರಿಮ್ಮು, ತೆಳ್ಳಗಾಗಿದ್ದು ರಬ್ಬರಿನ ಪಕ್ಕ.

ಅಂಗಡಿಯವನು ಸುಳ್ಳು ಹೇಳಿದ ಅಂತ ನನಗೆ ಅನಿಸುವುದಿಲ್ಲ. ಅವನ ಬಾಯಲ್ಲಿ ಚಕ್ರ ಅಂದರೆ ರಿಮ್. ಚಿಕ್ಕಪ್ಪನ ಕಿವಿಗೆ ಚಕ್ರ ಅಂದರೆ ನೆಲ ಮುಟ್ಟುವ ಇಡೀ ಗಾಲಿ. ಒಂದೇ ಪದ ಎರಡು ವಸ್ತುವಿಗೆ ಓಡಾಡುತ್ತಿದೆ, ನನ್ನ ತಕರಾರು ಅದೇ.

ಕನ್ನಡ ಹುಡುಕಿ ಅಂದಾಗ ಕೆಲವರು ಅಲಾಯ್ ವೀಲಿಗೆ 'ಮಿಶ್ರಲೋಹ ಚಕ್ರ' ಅಂತ ಬರೆಯುತ್ತಾರೆ. ಅದು ಬೇಡ. ಅಲಾಯ್ ಅಂದರೆ ಪಂಚರ್ ಅಂಗಡಿಯ ಹುಡುಗನಿಗೂ ಗೊತ್ತು. ಆಫ್ಟರ್‌ಮಾರ್ಕೆಟ್ ಅನ್ನುವುದಕ್ಕೂ ಹೊಸ ಪದ ಕಟ್ಟುವುದು ಬೇಕಿಲ್ಲ, ಜನ ಆಗಲೇ ಹೇಳುತ್ತಿದ್ದಾರೆ: "ಕಂಪನಿದಾ, ಹೊರಗಡೆ ಹಾಕಿಸಿದ್ದಾ?" ಇದಕ್ಕಿಂತ ಸ್ಪಷ್ಟ ಯಾವುದಿದೆ? ಸ್ಟೆಪ್ನಿ ಪದ ನೋಡಿ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಬಿಡಿ ಚಕ್ರದ ಹೆಸರು ಅದು, ಇವತ್ತು ನಮ್ಮ ಮಾತೇ ಆಗಿಹೋಗಿದೆ. ಬಂದ ಪದ ಅರ್ಥ ಕೆಡಿಸದಿದ್ದರೆ ಇರಲಿ.

ಅರ್ಥ ತಿಳಿಯದೆ ಜನ ದುಡ್ಡು ಕಳೆದುಕೊಳ್ಳುವ ಕಡೆ ಮಾತ್ರ ನಮ್ಮ ಪದ ಬೇಕು ಅನಿಸುತ್ತದೆ. ಸೈಡ್‌ವಾಲ್‌ಗೆ, ಅಂದರೆ ಟೈರಿನ ಆ ರಬ್ಬರಿನ ಪಕ್ಕಕ್ಕೆ, ನಾನು 'ಪಕ್ಕೆ' ಅನ್ನುತ್ತಿದ್ದೇನೆ. "ಪಕ್ಕೆ ತೆಳ್ಳಗಿದೆ, ಗುಂಡಿಯಲ್ಲಿ ನಿಧಾನ" ಅಂದರೆ ಚಿಕ್ಕಪ್ಪನಿಗೆ ತಕ್ಷಣ ಹೊಳೆಯಿತು. 'ಗೋಡೆ' ಅಂದಾಗ ಹೊಳೆದಿರಲಿಲ್ಲ.

ಕಷ್ಟ ಇರುವುದು ಆಫ್‌ಸೆಟ್‌ನಲ್ಲಿ. ರಿಮ್ಮಿನ ಮೇಲೆ ಇಟಿ 43 ಅಂತ ಕೊರೆದಿರುತ್ತದೆ. ಇಟಿ ಜರ್ಮನ್ ಪದದ ಚಿಕ್ಕ ರೂಪ. ರಿಮ್ಮಿನ ಅಗಲದ ನಟ್ಟನಡುವಿನಿಂದ ಅದು ಹಬ್ಬಿಗೆ (ರಿಮ್ಮನ್ನು ಬಿಗಿಯುವ ಕಾರಿನ ಕಡೆಯ ನಡುಭಾಗಕ್ಕೆ) ಕೂರುವ ಮುಖದವರೆಗೆ ಎಷ್ಟು ದೂರ ಅನ್ನುವ ಅಳತೆ ಅದು. 43 ಇದ್ದ ಕಡೆ ಅಷ್ಟೇ ಅಗಲದ ಇಟಿ 30 ರಿಮ್ ಹಾಕಿದರೆ ಗಾಲಿ 13 ಮಿಮೀ ಹೊರಗೆ ಬರುತ್ತದೆ, ಮಡ್ಗಾರ್ಡಿಗೆ ತಾಗಬಹುದು, ಬೇರಿಂಗಿನ ಮೇಲೆ ಹೊರೆಯೂ ಜಾಸ್ತಿ. ಸಂಖ್ಯೆ ಇಳಿದರೆ ಗಾಲಿ ಹೊರಗೆ ಬರುತ್ತದೆ, ಏರಿದರೆ ಒಳಗೆ ಹೋಗುತ್ತದೆ. ಇದೇ ಜನರಿಗೆ ಉಲ್ಟಾ ಅನಿಸುವುದು. 'ಒಳಸರಿವು' ಅಂದರೆ ಹೇಗೆ? ಒಳಸರಿವು 43, ಒಳಸರಿವು 30. ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳಗೆ ಅಂತ ಪದವೇ ಹೇಳುತ್ತದೆ. ಬೇರೆ ಒಳ್ಳೆಯದು ತೋಚಿದರೆ ಹೇಳಿ.

ಇನ್ನೊಂದು ಪದ ಗ್ಯಾರೇಜಿನಲ್ಲೇ ಸಿಕ್ಕಿತು. ಹೊರಗಡೆಯ ರಿಮ್ಮಿನ ನಡುವಿನ ತೂತು 73.1 ಮಿಮೀ ಇತ್ತು, ಕಾರಿನ ಹಬ್ಬು 66.6. ನಡುವೆ ಹಾಕುವ ತೆಳ್ಳನೆಯ ರಿಂಗನ್ನು ಗ್ಯಾರೇಜಿನ ಹುಡುಗ 'ಬಳೆ' ಅಂದ. "ಬಳೆ ಇಲ್ದಿದ್ರೆ ಎಂಬತ್ತರ ಮೇಲೆ ಸ್ಟೇರಿಂಗ್ ನಡುಗುತ್ತೆ ಸಾರ್." ಬೆರಳ ತುದಿಯಲ್ಲಿ ಅದನ್ನು ತಿರುಗಿಸಿ ತೋರಿಸಿದ. ನಿಜಕ್ಕೂ ಬಳೆಯೇ. ಇಂಥ ಪದ ಕಿವಿಗೆ ಬಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.

ಈಗ ನನ್ನ ಮುಖ್ಯ ಪ್ರಶ್ನೆ. ಎತ್ತಿನ ಗಾಡಿಯಲ್ಲಿ ಈ ಗೊಂದಲ ಇರಲಿಲ್ಲ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅವುಗಳ ತುದಿಗೆ ಮರದ ಸುತ್ತು, ಎಲ್ಲಕ್ಕಿಂತ ಹೊರಗೆ ಕಬ್ಬಿಣದ ಹಳಿ. ಹಳಿ ಕಟ್ಟುವುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ, ಮರದ ಸುತ್ತಿಗೆ ಕೂರಿಸಿ ನೀರು ಹೊಯ್ದರೆ ಚುಂಯ್ ಅಂತ ಹೊಗೆ ಎದ್ದು ಕಬ್ಬಿಣ ಬಿಗಿದುಕೊಳ್ಳುತ್ತಿತ್ತು. ಹಳಿ ಇದ್ದ ಜಾಗದಲ್ಲಿ ಇವತ್ತು ಟೈರು ಇದೆ, ಮರದ ಸುತ್ತು ಇದ್ದ ಜಾಗದಲ್ಲಿ ರಿಮ್ಮು. ಆ ಮರದ ಸುತ್ತಿಗೆ, ಅರೆಕಾಲು ನಾಟುವ ಆ ಬಾಗಿದ ತುಂಡುಗಳಿಗೆ, ನಿಮ್ಮ ಕಡೆ ಏನನ್ನುತ್ತಾರೆ? ಮೈಸೂರು ಕಡೆ, ಧಾರವಾಡದ ಕಡೆ, ಬಳ್ಳಾರಿ ಕಡೆ ಬೇರೆ ಬೇರೆ ಇದ್ದರೂ ಪರವಾಗಿಲ್ಲ. ಮನೆಯಲ್ಲಿ ಹಿರಿಯರಿದ್ದರೆ, ಊರಲ್ಲಿ ಬಡಗಿಗಳಿದ್ದರೆ ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ, ಊರಿನ ಹೆಸರನ್ನೂ ಸೇರಿಸಿ.